ಕಚೇರಿಯ ನೆಟ್‌ವರ್ಕ್‌ಗೆ ಹೊಸ ಪ್ರಿಂಟರ್ ಜೋಡಿಸುವ ಮುನ್ನ ಯಾವ ಸಿದ್ಧತೆಗಳು ಬೇಕು?

ಲೆಕ್ಕದಮೇಜು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ.

ನಮ್ಮದು ಹದಿನಾಲ್ಕು ಮಂದಿ ಕೆಲಸ ಮಾಡುವ ಸಣ್ಣ ಕಚೇರಿ. ಕಂಪ್ಯೂಟರ್‌ಗಳ ಉಸ್ತುವಾರಿಗೆಂದು ಪ್ರತ್ಯೇಕ ಸಿಬ್ಬಂದಿ ಇಲ್ಲದ ಕಾರಣ ಲೆಕ್ಕಪತ್ರದ ಜೊತೆಗೆ ಆ ಹೊಣೆಯೂ ನನ್ನ ಮೇಲಿದೆ. ಇಲ್ಲಿಯವರೆಗೆ ಒಂದು ಲೇಸರ್ ಪ್ರಿಂಟರನ್ನು ಯುಎಸ್‌ಬಿ ಕೇಬಲ್‌ನಿಂದ ಒಂದು ಕಂಪ್ಯೂಟರ್‌ಗೆ ಜೋಡಿಸಿ, ಅದರ ಮೂಲಕ ಉಳಿದವರು ಮುದ್ರಿಸಿಕೊಳ್ಳುವಂತೆ ಶೇರ್ ಮಾಡಿದ್ದೆವು. ಆ ಕಂಪ್ಯೂಟರ್‌ನವರು ರಜೆಯಲ್ಲಿದ್ದರೆ ಬೇರೆ ಯಾರಾದರೂ ಅದನ್ನು ಚಾಲೂ ಮಾಡಿಡಬೇಕು. ಅದು ನಿದ್ರಾಸ್ಥಿತಿಗೆ ಹೋದರೆ ಎಲ್ಲರ ಮುದ್ರಣವೂ ನಿಲ್ಲುತ್ತದೆ.

ಈಗ ಮುದ್ರಣ, ಸ್ಕ್ಯಾನ್, ನಕಲು ಮೂರನ್ನೂ ಮಾಡುವ ಹೊಸ ಯಂತ್ರಕ್ಕೆ ಒಪ್ಪಿಗೆ ದೊರೆತಿದ್ದು, ಮುಂದಿನ ವಾರ ಬರಲಿದೆ. ಅದರಲ್ಲಿ ನೆಟ್‌ವರ್ಕ್ ಕೇಬಲ್‌ನ ಕಿಂಡಿ ಮತ್ತು ವೈ-ಫೈ ಎರಡೂ ಇವೆಯೆಂದು ವಿವರಪತ್ರದಲ್ಲಿದೆ. ಯಂತ್ರವನ್ನು ತಂದುಕೊಡುವವರು ವಿದ್ಯುತ್ ಸಂಪರ್ಕ ಕೊಟ್ಟು, ಒಂದು ಪರೀಕ್ಷಾ ಪುಟ ತೆಗೆದು ತೋರಿಸಿ ಹೊರಟುಬಿಡುತ್ತಾರೆ. ನೆಟ್‌ವರ್ಕ್‌ಗೆ ಜೋಡಿಸುವ ಕೆಲಸ ನಮ್ಮದೇ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಪೆಟ್ಟಿಗೆ ಬಿಚ್ಚಿದ ಮೇಲೆ ತಡಕಾಡುವುದಕ್ಕಿಂತ ಮೊದಲೇ ಸಿದ್ಧವಾಗಿರಬೇಕೆಂಬುದು ನನ್ನ ಉದ್ದೇಶ. ರೂಟರ್‌ನಲ್ಲಿ ಮುಂಚಿತವಾಗಿ ಏನಾದರೂ ಮಾಡಿಡಬೇಕೇ? ಕೇಬಲ್ ಒಳ್ಳೆಯದೋ ವೈ-ಫೈ ಒಳ್ಳೆಯದೋ? ಪ್ರತಿ ಕಂಪ್ಯೂಟರ್‌ನಲ್ಲೂ ಡ್ರೈವರ್ (ಪ್ರಿಂಟರ್ ಬಳಸಲು ಬೇಕಾದ ತಂತ್ರಾಂಶ) ಹಾಕಲೇಬೇಕೇ? ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ನನ್ನ ಬಳಿ ಇದೆ. ಆದರೆ ಅದರ ಒಳಗಿನ ಸೆಟ್ಟಿಂಗ್‌ಗಳನ್ನು ಇದುವರೆಗೆ ಮುಟ್ಟಿದವಳಲ್ಲ. ಕ್ರಮವಾಗಿ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಜಾಲಪಾಲಕ:

ನಮಸ್ಕಾರ ಮೇಡಂ. ಯಂತ್ರ ಬರುವ ಮೊದಲೇ ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಇಂಥ ಪ್ರಶ್ನೆಗಳು ಸಾಮಾನ್ಯವಾಗಿ ಎಲ್ಲ ಜೋಡಿಸಿಯಾಗಿ, ಮೂರು ವಾರ ಸರಿಯಾಗಿ ನಡೆದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮುದ್ರಣ ನಿಂತ ಮೇಲೆ ಬರುತ್ತವೆ. ಹಾಗೆ ನಿಂತಾಗ ಯಂತ್ರ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಲ ಪ್ರಿಂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಾಗಿರುತ್ತದೆ, ಕಂಪ್ಯೂಟರ್‌ಗಳು ಮಾತ್ರ ಹಳೆಯ ವಿಳಾಸಕ್ಕೇ ಕಾಗದಗಳನ್ನು ಕಳಿಸುತ್ತಿರುತ್ತವೆ. ಆದ್ದರಿಂದ ನೀವು ಮಾಡಬೇಕಾದ ಸಿದ್ಧತೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಿಂಟರ್‌ಗೆ ಬದಲಾಗದ ಒಂದು ವಿಳಾಸವನ್ನು ಈಗಲೇ ಗೊತ್ತುಮಾಡುವುದು.

ಇದರ ಹಿನ್ನೆಲೆ ಹೀಗಿದೆ. ನಿಮ್ಮ ರೂಟರ್‌ನಲ್ಲಿರುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯು ನೆಟ್‌ವರ್ಕ್‌ಗೆ ಬಂದು ಸೇರುವ ಪ್ರತಿ ಸಾಧನಕ್ಕೂ ತನ್ನ ಬಳಿಯಿರುವ ವಿಳಾಸಗಳ ಸಾಲಿನಿಂದ ಒಂದನ್ನು ನಿಗದಿತ ಅವಧಿಗೆ ಕೊಡುತ್ತದೆ. ಯಂತ್ರ ಚಾಲೂ ಇರುವವರೆಗೆ ಅದೇ ವಿಳಾಸವನ್ನು ನವೀಕರಿಸಿಕೊಳ್ಳುತ್ತಾ ಹೋಗುವುದರಿಂದ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ದೀರ್ಘ ರಜೆಯಲ್ಲಿ ಎಲ್ಲವನ್ನೂ ಆರಿಸಿಟ್ಟು ಹಿಂದಿರುಗಿದಾಗಲೋ ರೂಟರನ್ನು ಬದಲಾಯಿಸಿದಾಗಲೋ ಆ ವಿಳಾಸ ಬೇರೆ ಸಾಧನದ ಪಾಲಾಗಿ ಪ್ರಿಂಟರ್‌ಗೆ ಮತ್ತೊಂದು ಸಿಗಬಹುದು. ಕಂಪ್ಯೂಟರ್‌ಗೋ ಮೊಬೈಲ್‌ಗೋ ಹೀಗಾದರೆ ತೊಂದರೆಯಿಲ್ಲ, ಏಕೆಂದರೆ ಅವನ್ನು ವಿಳಾಸ ಹಿಡಿದು ಹುಡುಕುವವರಿಲ್ಲ. ಪ್ರಿಂಟರನ್ನು ಮಾತ್ರ ಎಲ್ಲರೂ ಹುಡುಕಿಕೊಂಡು ಹೋಗುತ್ತಾರೆ.

ಈ ವಾರ ನೀವು ರೂಟರ್‌ನ ಪುಟವನ್ನು ತೆರೆದು, ಏನನ್ನೂ ಬದಲಾಯಿಸದೆ, ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ರೂಟರ್‌ನ ಸ್ವಂತ ವಿಳಾಸ (ಇದೇ ಗೇಟ್‌ವೇ, ಅಂದರೆ ಇಂಟರ್ನೆಟ್‌ಗೆ ಹೋಗುವ ಬಾಗಿಲು), ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ಒಂದೇ ನೆಟ್‌ವರ್ಕ್‌ನವು ಎಂದು ತಿಳಿಸುವ ಸಂಖ್ಯೆ), ಡಿಎಚ್‌ಸಿಪಿ ಹಂಚುವ ವಿಳಾಸಗಳ ಮೊದಲು ಮತ್ತು ಕೊನೆ, ಹಾಗೂ ಡಿಎನ್‌ಎಸ್ ವಿಳಾಸ (ತಾಣಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್‌ನದು). ಉದಾಹರಣೆಗೆ, ರೂಟರ್ 192.168.1.1 ಆಗಿದ್ದು, 192.168.1.100ರಿಂದ 192.168.1.199ರವರೆಗೆ ಹಂಚುತ್ತಿದೆಯೆಂದು ಇಟ್ಟುಕೊಳ್ಳೋಣ. ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದರೆ ಆ ಸಾಲಿನ ಹೊರಗಿರುವ 192.168.1.50 ಎಂಬಂಥದ್ದನ್ನು ಪ್ರಿಂಟರ್‌ಗೆ ಮೀಸಲಿಡಬಹುದು. ಅದನ್ನು ಈಗಾಗಲೇ ಸಿಸಿಟಿವಿ ಪೆಟ್ಟಿಗೆಯೋ ಹಾಜರಾತಿ ಯಂತ್ರವೋ ಬಳಸುತ್ತಿರಬಹುದಾದ್ದರಿಂದ, ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಮಾಡಿ (ಆ ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ) ನೋಡಿ. ಉತ್ತರ ಬಂದರೆ ಅದು ಖಾಲಿಯಿಲ್ಲ. ಉತ್ತರ ಬಾರದಿದ್ದರೂ ಪೂರ್ತಿ ನಂಬುವಂತಿಲ್ಲ. ಆ ಸಾಧನ ಆರಿರಬಹುದು ಅಥವಾ ಪಿಂಗ್‌ಗೆ ಉತ್ತರಿಸದಂತೆ ಹೊಂದಿಸಿರಬಹುದು. ಕಚೇರಿಯ ಎಲ್ಲ ಸಾಧನಗಳೂ ಚಾಲೂ ಇರುವ ಹೊತ್ತಿನಲ್ಲಿ ಈ ಪರೀಕ್ಷೆ ಮಾಡಿ, ರೂಟರ್‌ನಲ್ಲಿ ಕಾಣುವ ಸಾಧನಗಳ ಪಟ್ಟಿಯನ್ನೂ ಜೊತೆಗಿಟ್ಟು ನೋಡುವುದು ಕ್ಷೇಮ.

ವಿಳಾಸವನ್ನು ಪ್ರಿಂಟರ್‌ಗೆ ಕೊಡಲು ಎರಡು ದಾರಿಗಳಿವೆ. ಪ್ರಿಂಟರ್‌ನ ಮೆನುವಿನಲ್ಲಿಯೇ ಕೈಯಾರೆ ಬರೆಯಬಹುದು, ಇಲ್ಲವೇ ರೂಟರ್‌ನಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸವನ್ನು ನಮೂದಿಸಿ, ಈ ಸಾಧನಕ್ಕೆ ಸದಾ ಇದೇ ವಿಳಾಸ ಕೊಡು ಎಂದು ರಿಸರ್ವೇಶನ್ ಮಾಡಬಹುದು. ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಯಾರಾದರೂ ಪ್ರಿಂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೂ ವಿಳಾಸ ತಾನಾಗಿ ಮರಳಿ ಬರುತ್ತದೆ, ಮತ್ತು ಯಾವ ಸಾಧನಕ್ಕೆ ಯಾವುದು ಮೀಸಲು ಎಂಬ ಲೆಕ್ಕ ಒಂದೇ ಕಡೆ ಸಿಗುತ್ತದೆ. ಕೆಲವು ರೂಟರ್‌ಗಳು ಡಿಎಚ್‌ಸಿಪಿ ಸಾಲಿನ ಒಳಗಿನ ವಿಳಾಸವನ್ನು ಮಾತ್ರ ಮೀಸಲಿಡಲು ಬಿಡುತ್ತವೆ. ನಿಮ್ಮದು ಹಾಗಿದ್ದರೆ ಒಳಗಿನದನ್ನೇ ಕೊಡಿ, ರೂಟರ್ ಅದನ್ನು ಬೇರೆಯವರಿಗೆ ಹಂಚುವುದಿಲ್ಲ. ಆದರೆ ಪ್ರಿಂಟರ್‌ನಲ್ಲಿ ಕೈಯಾರೆ ಬರೆಯುವುದಾದರೆ ಸಾಲಿನ ಹೊರಗಿನದೇ ಆಗಬೇಕು, ಇಲ್ಲದಿದ್ದರೆ ಒಂದು ದಿನ ಎರಡು ಸಾಧನಗಳು ಒಂದೇ ವಿಳಾಸಕ್ಕೆ ಜಗಳವಾಡುತ್ತವೆ.

ಮ್ಯಾಕ್ ವಿಳಾಸವು ಹನ್ನೆರಡು ಅಂಕಿ-ಅಕ್ಷರಗಳ ಗುರುತು. ಯಂತ್ರದ ಹಿಂಬದಿಯ ಚೀಟಿಯಲ್ಲೋ, ಮೆನುವಿನಿಂದ ಮುದ್ರಿಸಿಕೊಳ್ಳಬಹುದಾದ ನೆಟ್‌ವರ್ಕ್ ಕಾನ್ಫಿಗರೇಶನ್ ಪುಟದಲ್ಲೋ ಅದು ಸಿಗುತ್ತದೆ. ಯಂತ್ರವನ್ನು ತಂದುಕೊಡುವವರು ಪರೀಕ್ಷಾ ಪುಟ ತೆಗೆಯುವಾಗ ಆ ಪುಟವನ್ನೂ ಒಂದು ತೆಗೆದುಕೊಡುವಂತೆ ಕೇಳಿ. ಕೇಬಲ್ ಕಿಂಡಿಗೆ ಒಂದು ಮ್ಯಾಕ್ ವಿಳಾಸ, ವೈ-ಫೈಗೆ ಬೇರೆಯೇ ಮ್ಯಾಕ್ ವಿಳಾಸ ಇರುತ್ತದೆ ಎಂಬುದನ್ನು ಮರೆಯಬೇಡಿ. ಒಂದನ್ನು ನಮೂದಿಸಿ ಇನ್ನೊಂದರಿಂದ ಜೋಡಿಸಿದರೆ ರಿಸರ್ವೇಶನ್ ಮಾಡಿಯೂ ಮಾಡದಂತೆಯೇ.

ಸ್ಪ್ಯಾನರ್:

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಒಂದು ಅಂಶದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಯೇ ರೂಟರನ್ನೂ ಕೊಟ್ಟಿದ್ದು, ಅವರು ಅದನ್ನು ಮುನ್ಸೂಚನೆಯಿಲ್ಲದೆ ಬದಲಾಯಿಸುವ ರೂಢಿಯಿದ್ದರೆ, ರಿಸರ್ವೇಶನ್‌ಗಳೆಲ್ಲ ಹಳೆಯ ರೂಟರ್‌ನೊಂದಿಗೇ ಹೊರಟುಹೋಗುತ್ತವೆ. ಅಂಥ ಕಡೆ ಪ್ರಿಂಟರ್‌ನಲ್ಲೇ ಸ್ಥಿರ ವಿಳಾಸ ಬರೆಯುವುದು ಮೇಲು. ಹೊಸ ರೂಟರ್ ಬೇರೆಯದೇ ವಿಳಾಸ ಶ್ರೇಣಿಯೊಂದಿಗೆ ಬಂದರೆ ಎರಡು ವಿಧಾನಗಳೂ ಕೈಕೊಡುತ್ತವೆ ಎಂಬುದೂ ನಿಜ. ಆದ್ದರಿಂದ ಯಾವುದನ್ನೇ ಆರಿಸಿಕೊಂಡರೂ ಬರೆದಿಟ್ಟ ಚೀಟಿಯೊಂದು ಕಡತದಲ್ಲಿರಲಿ.

ಕೇಬಲ್ ಅಥವಾ ವೈ-ಫೈ ಎಂಬ ಪ್ರಶ್ನೆಗೆ ಉತ್ತರ ಸರಳ: ಕೇಬಲ್ ಎಳೆಯಲು ಸಾಧ್ಯವಿದ್ದಲ್ಲಿ ಕೇಬಲ್. ಹದಿನಾಲ್ಕು ಮಂದಿ ನೆಚ್ಚಿಕೊಂಡಿರುವ, ಒಮ್ಮೆ ಇಟ್ಟ ಜಾಗದಿಂದ ಕದಲದ ಯಂತ್ರಕ್ಕೆ ವೈ-ಫೈ ಕೊಡುವುದರಿಂದ ಲಾಭವೇನೂ ಇಲ್ಲ. ವೈ-ಫೈ ಅನಿವಾರ್ಯವಾದರೆ, ನಿಮ್ಮ ಯಂತ್ರವು 5 ಗಿಗಾಹರ್ಟ್ಸ್ ಅನ್ನು ಗುರುತಿಸುತ್ತದೆಯೇ ಎಂದು ವಿವರಪತ್ರದಲ್ಲಿ ನೋಡಿ, 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಪ್ರಿಂಟರ್‌ಗಳು ಇನ್ನೂ ಬಹಳಷ್ಟಿವೆ. ಅತಿಥಿಗಳಿಗೆಂದು ಇಟ್ಟ ವೈ-ಫೈಗೆ ಪ್ರಿಂಟರನ್ನು ಸೇರಿಸಬೇಡಿ. ಅಲ್ಲಿ ಸಾಮಾನ್ಯವಾಗಿ ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯಿರುತ್ತದೆ: ಇಂಟರ್ನೆಟ್ ಬರುತ್ತದೆ, ಮುದ್ರಣ ಮಾತ್ರ ಆಗುವುದಿಲ್ಲ.

ಈಗ ಜಾಗದ ವಿಚಾರ. ಯಂತ್ರ ಇಡುವ ಮೂಲೆಗೆ ನೆಟ್‌ವರ್ಕ್ ಸ್ವಿಚ್‌ನಿಂದ (ಹಲವು ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆಯಿಂದ) ಕೇಬಲ್ ತಲುಪುತ್ತದೆಯೇ ಎಂದು ಇಂದೇ ಅಳೆದು ನೋಡಿ. ಸಾಮಾನ್ಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದಾದ್ದರಿಂದ ಸಣ್ಣ ಕಚೇರಿಯಲ್ಲಿ ದೂರ ಸಮಸ್ಯೆಯಾಗದು. ನಡೆದಾಡುವ ದಾರಿಗೆ ಅಡ್ಡ ಬೀಳದಂತೆ ಗೋಡೆಯ ಅಂಚಿನಲ್ಲಿ ಹೋಗಬೇಕು, ಅಷ್ಟೇ. ಸ್ವಿಚ್‌ನಲ್ಲಿ ಒಂದು ಕಿಂಡಿ ಖಾಲಿ ಇದೆಯೇ ಎಂಬುದನ್ನೂ ನೋಡಿ. ಎಲ್ಲ ಸಿದ್ಧವಾಗಿ ಕಡೆಗೆ ಕಿಂಡಿಯೇ ಇಲ್ಲವೆಂದು ತಿಳಿಯುವುದು ನೀವು ಊಹಿಸಿದಷ್ಟು ಅಪರೂಪವಲ್ಲ.

ವಿದ್ಯುತ್ತಿನ ಬಗ್ಗೆ ಒಂದು ಎಚ್ಚರಿಕೆ. ಲೇಸರ್ ಯಂತ್ರವು ಟೋನರನ್ನು ಕಾಗದಕ್ಕೆ ಬೆಸೆಯುವ ಫ್ಯೂಸರ್ ಭಾಗವನ್ನು ಬಿಸಿ ಮಾಡುವಾಗ ಒಮ್ಮೆಲೇ ಬಹಳ ವಿದ್ಯುತ್ ಎಳೆಯುತ್ತದೆ. ಅದನ್ನು ಕಂಪ್ಯೂಟರ್‌ಗಳ ಯುಪಿಎಸ್‌ಗೆ ಜೋಡಿಸಬೇಡಿ. ಗೋಡೆಯ ಸಾಕೆಟ್‌ಗೇ ನೇರವಾಗಿ ಕೊಡಿ. ಬದಲಿಗೆ ರೂಟರ್ ಮತ್ತು ಸ್ವಿಚ್ ಯುಪಿಎಸ್‌ನಲ್ಲಿರಲಿ.

ಲೆಕ್ಕದಮೇಜು:

ಇಬ್ಬರಿಗೂ ಧನ್ಯವಾದಗಳು. ರೂಟರ್‌ನ ಪುಟ ತೆರೆದು ಎಲ್ಲವನ್ನೂ ಬರೆದುಕೊಂಡೆ. ನಮ್ಮ ರೂಟರ್ 192.168.0.2ರಿಂದ 192.168.0.254ರವರೆಗೆ, ಅಂದರೆ ತನ್ನದೊಂದನ್ನು ಬಿಟ್ಟು ಉಳಿದ ಎಲ್ಲ ವಿಳಾಸಗಳನ್ನೂ ಹಂಚುತ್ತಿದೆ. ಹಾಗಾದರೆ ಸಾಲಿನ ಹೊರಗೆ ಜಾಗವೇ ಇಲ್ಲವಲ್ಲ? ರೂಟರ್ ನಮ್ಮ ಸ್ವಂತದ್ದೇ, ಸಂಪರ್ಕದ ಕಂಪನಿಯದ್ದಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಹನ್ನೊಂದು ಕಂಪ್ಯೂಟರ್‌ಗಳು ವಿಂಡೋಸ್, ಎರಡು ಆಪಲ್ ಮ್ಯಾಕ್, ಒಂದು ಉಬುಂಟು (ಲಿನಕ್ಸ್). ಡ್ರೈವರ್‌ಗಳನ್ನು ಮೊದಲೇ ಇಳಿಸಿಕೊಂಡು ಇಟ್ಟಿರಬೇಕೇ? ಹಳೆಯ ಪ್ರಿಂಟರ್ ಚೆನ್ನಾಗಿ ಚಾಲೂ ಇದ್ದಾಗಲೂ ಕೆಲವರ ಪರದೆಯಲ್ಲಿ ಆಫ್‌ಲೈನ್ ಎಂದು ತೋರಿಸುತ್ತಿತ್ತು. ಹೊಸದರಲ್ಲೂ ಹಾಗಾಗದಂತೆ ಏನು ಮಾಡಬಹುದು?

ಜಾಲಪಾಲಕ:

ರೂಟರ್ ಸ್ವಂತದ್ದಾದ್ದರಿಂದ ಹಂಚುವ ಸಾಲನ್ನು ನೀವೇ ಕುಗ್ಗಿಸಬಹುದು. ಆರಂಭವನ್ನು 192.168.0.2ರ ಬದಲು 192.168.0.50 ಎಂದು ಬದಲಾಯಿಸಿದರೆ 2ರಿಂದ 49ರವರೆಗಿನವು ಬಿಡುವಾಗುತ್ತವೆ. ಹದಿನಾಲ್ಕು ಕಂಪ್ಯೂಟರ್‌ಗಳು, ಮೊಬೈಲ್‌ಗಳು ಎಲ್ಲ ಸೇರಿದರೂ ಉಳಿದ ಇನ್ನೂರಕ್ಕೂ ಹೆಚ್ಚು ವಿಳಾಸಗಳು ಧಾರಾಳವಾದವು. ಈ ಬದಲಾವಣೆಯನ್ನು ಕೆಲಸದ ಸಮಯ ಮುಗಿದ ಮೇಲೆ ಮಾಡಿ, ನಂತರ ರೂಟರನ್ನೂ ಎಲ್ಲ ಸಾಧನಗಳನ್ನೂ ಒಮ್ಮೆ ಆರಿಸಿ ಹಚ್ಚಿ. 2ರಿಂದ 49ರೊಳಗಿನ ವಿಳಾಸ ಹಿಡಿದುಕೊಂಡಿದ್ದವು ಆಗ ಹೊಸ ಸಾಲಿಗೆ ಬರುತ್ತವೆ. ಯಂತ್ರ ಬರುವ ದಿನವೇ ಇದನ್ನು ಮಾಡಲು ಹೋಗದೆ ಒಂದೆರಡು ದಿನ ಮುಂಚೆ ಮುಗಿಸಿದರೆ, ಏನಾದರೂ ಎಡವಟ್ಟಾದಾಗ ತಪ್ಪು ರೂಟರ್‌ನದೋ ಪ್ರಿಂಟರ್‌ನದೋ ಎಂಬ ಗೊಂದಲವಿರುವುದಿಲ್ಲ.

ಇನ್ನು ಆಫ್‌ಲೈನ್ ಸಮಸ್ಯೆ. ನಿಮ್ಮ ಹಳೆಯ ಪ್ರಿಂಟರ್ ಮತ್ತೊಂದು ಕಂಪ್ಯೂಟರ್‌ನ ಆಸರೆಯಲ್ಲಿದ್ದುದರಿಂದ ಆ ಕಂಪ್ಯೂಟರ್ ಮಲಗಿದಾಗ ಆಫ್‌ಲೈನ್ ಆಗುತ್ತಿತ್ತು. ನೇರವಾಗಿ ನೆಟ್‌ವರ್ಕ್‌ಗೆ ಸೇರಿದ ಯಂತ್ರದಲ್ಲಿ ಅದೇ ಮಾತು ಕಾಣಿಸಿಕೊಳ್ಳಲು ಬೇರೆ ಕಾರಣಗಳಿವೆ. ವಿಂಡೋಸ್ ತಾನಾಗಿ ಹುಡುಕಿ ಪ್ರಿಂಟರ್ ಸೇರಿಸಿದಾಗ ಅನೇಕ ವೇಳೆ ಡಬ್ಲ್ಯೂಎಸ್‌ಡಿ ಎಂಬ ಬಗೆಯ ಪೋರ್ಟ್ (ಪ್ರಿಂಟರ್‌ಗೆ ಕಡತ ಹೋಗುವ ದಾರಿ) ಸೃಷ್ಟಿಯಾಗುತ್ತದೆ. ಸೇರಿಸುವುದಕ್ಕೆ ಅದು ಸುಲಭ. ಆದರೆ ಸಾಧನಗಳನ್ನು ಹುಡುಕುವ ಸಂದೇಶಗಳನ್ನು ನೆಚ್ಚಿಕೊಂಡಿರುವುದರಿಂದ, ಪ್ರಿಂಟರ್ ನಿದ್ರಾಸ್ಥಿತಿಯಲ್ಲಿದ್ದಾಗ ಕೆಲವೊಮ್ಮೆ ಸಂಪರ್ಕ ಕಳೆದುಕೊಳ್ಳುತ್ತದೆ. ಆದ್ದರಿಂದ ಹುಡುಕಾಟದ ಪಟ್ಟಿಯಲ್ಲಿ ಕಂಡದ್ದನ್ನು ಒತ್ತದೆ, ಕೈಯಾರೆ ಸೇರಿಸುವ ಆಯ್ಕೆಗೆ ಹೋಗಿ, ಐಪಿ ವಿಳಾಸದ ಮೂಲಕ ಸೇರಿಸು ಎಂಬುದನ್ನು ಆರಿಸಿ, ಟಿಸಿಪಿ/ಐಪಿ ಸಾಧನ ಎಂದು ಸೂಚಿಸಿ, ಮೀಸಲಿಟ್ಟ ವಿಳಾಸವನ್ನು ಬರೆಯಿರಿ. ಇದು ಸಾಮಾನ್ಯವಾಗಿ 9100 ಸಂಖ್ಯೆಯ ಪೋರ್ಟ್ ಮೂಲಕ ಮುದ್ರಿಸುತ್ತದೆ. ಸ್ಥಿರ ವಿಳಾಸಕ್ಕಾಗಿ ಇಷ್ಟೆಲ್ಲ ಹೇಳಿದ್ದರ ಪ್ರಯೋಜನ ಸಿಗುವುದು ಇಲ್ಲಿಯೇ.

ಆಮೇಲೂ ಪ್ರಿಂಟರ್ ಆರೋಗ್ಯವಾಗಿದ್ದು ಪರದೆ ಮಾತ್ರ ಆಫ್‌ಲೈನ್ ಎಂದರೆ, ಆ ಪೋರ್ಟ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬುದರ ಗುರುತನ್ನು ತೆಗೆದು ನೋಡಿ. ವಿಂಡೋಸ್ ಆ ಮಾರ್ಗದಿಂದ ಪ್ರಿಂಟರ್‌ನ ಸ್ಥಿತಿಯನ್ನು ವಿಚಾರಿಸುತ್ತದೆ. ಪ್ರಿಂಟರ್‌ನಲ್ಲಿ ಎಸ್‌ಎನ್‌ಎಂಪಿ ನಿಲ್ಲಿಸಿದ್ದರೆ ಉತ್ತರ ಬಾರದೆ, ಯಂತ್ರವೇ ಇಲ್ಲವೆಂದು ಭಾವಿಸುತ್ತದೆ.

ಡ್ರೈವರ್ ವಿಚಾರಕ್ಕೆ ಬಂದರೆ, ವಿಂಡೋಸ್ ಕಂಪ್ಯೂಟರ್‌ಗಳಿಗಾಗಿ ತಯಾರಕರ ಅಧಿಕೃತ ತಾಣದಿಂದ ನಿಮ್ಮ ಮಾದರಿಯ ಡ್ರೈವರನ್ನು ಈಗಲೇ ಇಳಿಸಿ ಪೆನ್‌ಡ್ರೈವ್‌ನಲ್ಲೋ ಶೇರ್ ಮಾಡಿದ ಫೋಲ್ಡರ್‌ನಲ್ಲೋ ಇಡಿ. ಹುಡುಕಾಟದಲ್ಲಿ ಮೊದಲು ಕಾಣುವ ಡ್ರೈವರ್ ಸಂಗ್ರಹ ತಾಣಗಳಿಂದ ದೂರವಿರಿ. ಮ್ಯಾಕ್ ಮತ್ತು ಉಬುಂಟುಗಳಿಗೆ ಬಹುಶಃ ಏನೂ ಬೇಕಾಗುವುದಿಲ್ಲ: ಏರ್‌ಪ್ರಿಂಟ್ ಅಥವಾ ಐಪಿಪಿ ಎವೆರಿವೇರ್ ಎಂಬ ಮುದ್ರಣ ಪದ್ಧತಿ ಬಲ್ಲ ಯಂತ್ರಗಳನ್ನು ಅವು ಪ್ರತ್ಯೇಕ ಡ್ರೈವರ್ ಇಲ್ಲದೆಯೇ ಗುರುತಿಸಿ ಬಳಸುತ್ತವೆ. ವಿಂಡೋಸ್ ಕೂಡ ಅದೇ ದಿಕ್ಕಿನಲ್ಲಿ ಸಾಗುತ್ತಿದೆ. ತಯಾರಕರ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕಡಿಮೆ ಮಾಡುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತ್ತು. ಆದರೂ ಎರಡು ಬದಿ ಮುದ್ರಣ, ಟ್ರೇ ಆಯ್ಕೆ, ಸ್ಟೇಪಲ್ ಮುಂತಾದವು ಪೂರ್ಣವಾಗಿ ಬೇಕಿದ್ದರೆ ಇಂದಿಗೂ ತಯಾರಕರ ಡ್ರೈವರೇ ವಾಸಿ.

ಒಂದು ವಿಂಡೋಸ್ ಕಂಪ್ಯೂಟರನ್ನು ಪ್ರಿಂಟ್ ಸರ್ವರ್ ಮಾಡಿ ಉಳಿದವರಿಗೆ ಹಂಚಬಹುದೆಂದು ಯಾರಾದರೂ ಹೇಳಬಹುದು. ಹದಿನಾಲ್ಕು ಕಂಪ್ಯೂಟರ್‌ಗಳಿಗೆ ಅದು ಬೇಡ. ಒಬ್ಬರ ಕಂಪ್ಯೂಟರ್ ನೆಚ್ಚಿಕೊಳ್ಳುವ ಹಳೆಯ ತೊಂದರೆಯೇ ಮತ್ತೆ ಶುರುವಾಗುತ್ತದೆ. ಅಲ್ಲದೆ, 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ಭದ್ರತಾ ದೋಷ ಬಯಲಾದ ನಂತರ, ಅದೇ ವರ್ಷದ ಆಗಸ್ಟ್ ಅಪ್‌ಡೇಟ್‌ನಿಂದ, ಸರ್ವರ್‌ನಿಂದ ಡ್ರೈವರ್ ಇಳಿದು ಇನ್‌ಸ್ಟಾಲ್ ಆಗಲು ಅಡ್ಮಿನ್ ಅಧಿಕಾರ ಬೇಕಾಗುತ್ತದೆ. ಹೇಗೂ ಪ್ರತಿ ಮೇಜಿಗೂ ಹೋಗಿ ಪಾಸ್‌ವರ್ಡ್ ಕೊಡಬೇಕಾದ ಮೇಲೆ ಪ್ರಿಂಟರನ್ನು ನೇರವಾಗಿಯೇ ಸೇರಿಸಿಬಿಡುವುದು ಲೇಸು. ಎಲ್ಲ ಕಂಪ್ಯೂಟರ್‌ಗಳ ಅಡ್ಮಿನ್ ಪಾಸ್‌ವರ್ಡ್‌ಗಳು ನಿಮ್ಮ ಬಳಿ ಇವೆಯೇ ಎಂಬುದನ್ನು ಈ ವಾರವೇ ಖಚಿತಪಡಿಸಿಕೊಳ್ಳಿ.

ಕಡತಕಾವಲು:

ಮುದ್ರಣದ ಬಗ್ಗೆ ಎಲ್ಲವೂ ಬಂದಿದೆ. ಸ್ಕ್ಯಾನ್ ಮತ್ತು ಭದ್ರತೆಯ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಇಂಥ ಯಂತ್ರಗಳಲ್ಲಿ ಮುದ್ರಣ ಅರ್ಧ ಗಂಟೆಯಲ್ಲಿ ಕೂತುಬಿಡುತ್ತದೆ. ಸ್ಕ್ಯಾನ್ ಮಾಡಿದ್ದು ಫೋಲ್ಡರ್‌ಗೋ ಇಮೇಲ್‌ಗೋ ಹೋಗುವಂತೆ ಮಾಡುವುದೇ ದಿನವನ್ನು ನುಂಗುವ ಕೆಲಸ.

ಫೋಲ್ಡರ್‌ಗೆ ಕಳಿಸುವುದಾದರೆ ಯಾವ ಕಂಪ್ಯೂಟರ್‌ನ ಯಾವ ಫೋಲ್ಡರ್ ಎಂದು ಮೊದಲು ತೀರ್ಮಾನಿಸಿ. ಆ ಕಂಪ್ಯೂಟರ್‌ನ ವಿಳಾಸವೂ ಸ್ಥಿರವಾಗಿರಲಿ. ಪ್ರಿಂಟರ್‌ಗೆಂದೇ ಒಂದು ಬಳಕೆದಾರ ಖಾತೆ ತೆರೆದು, ಅದಕ್ಕೆ ಆ ಒಂದು ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಮಾತ್ರ ಕೊಡಿ. ವ್ಯಕ್ತಿಯೊಬ್ಬರ ಸ್ವಂತ ಖಾತೆಯ ಪಾಸ್‌ವರ್ಡನ್ನು ಯಂತ್ರದೊಳಗೆ ತುಂಬಿದರೆ, ಅವರು ಅದನ್ನು ಬದಲಾಯಿಸಿದ ದಿನ ಸ್ಕ್ಯಾನ್ ನಿಲ್ಲುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಹೊಸ ಯಂತ್ರವು ಎಸ್‌ಎಂಬಿಯ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳುವ ವಿಧಾನ) ಎರಡನೆಯ ಅಥವಾ ಮೂರನೆಯ ಆವೃತ್ತಿಯನ್ನು ಬಲ್ಲುದೇ ಎಂದು ವಿವರಪತ್ರದಲ್ಲಿ ನೋಡಿ. ಮೊದಲ ಆವೃತ್ತಿ ಅಸುರಕ್ಷಿತವಾದ್ದರಿಂದ ಈಗಿನ ವಿಂಡೋಸ್‌ನಲ್ಲಿ ಅದು ಸಹಜವಾಗಿ ಚಾಲೂ ಇರುವುದಿಲ್ಲ. ಹಳೆಯ ಯಂತ್ರಕ್ಕಾಗಿ ಅದನ್ನು ಮತ್ತೆ ತೆರೆಯಿರಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ, ಅದನ್ನು ಪಾಲಿಸಬೇಡಿ.

ಇಮೇಲ್‌ಗೆ ಕಳಿಸುವುದಾದರೆ ಕಚೇರಿಯ ಹೆಸರಿನಲ್ಲಿ ಪ್ರತ್ಯೇಕ ಇಮೇಲ್ ಖಾತೆ ಇರಲಿ. ಸೇವೆಯ ಎಸ್‌ಎಂಟಿಪಿ (ಇಮೇಲ್ ಕಳಿಸುವ) ಸರ್ವರ್ ಹೆಸರು ಮತ್ತು ಪೋರ್ಟ್ (ಸಾಮಾನ್ಯವಾಗಿ 587) ಬರೆದಿಟ್ಟುಕೊಳ್ಳಿ. ದೊಡ್ಡ ಇಮೇಲ್ ಸೇವೆಗಳು ಈಚೆಗೆ ಇಂಥ ಸಾಧನಗಳಿಂದ ಖಾತೆಯ ಮಾಮೂಲಿ ಪಾಸ್‌ವರ್ಡನ್ನು ಒಪ್ಪುವುದಿಲ್ಲ. ಕೆಲವು ಕಡೆ ಆ್ಯಪ್ ಪಾಸ್‌ವರ್ಡ್ ಎಂಬುದನ್ನು ಬೇರೆಯಾಗಿ ಪಡೆಯಬೇಕು. ಗೇಟ್‌ವೇ ಮತ್ತು ಡಿಎನ್‌ಎಸ್ ತಪ್ಪಾಗಿದ್ದರೂ ಕಚೇರಿಯೊಳಗಿನ ಮುದ್ರಣ ಸರಾಗವಾಗಿ ನಡೆಯುವುದರಿಂದ, ಆ ತಪ್ಪು ಬೆಳಕಿಗೆ ಬರುವುದು ಇಮೇಲ್ ಕಳಿಸುವಾಗಲೇ. ಪ್ರಿಂಟರ್‌ನ ದಿನಾಂಕ, ಸಮಯಗಳನ್ನೂ ಸರಿಪಡಿಸಿ. ಗಡಿಯಾರ ತಪ್ಪಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ತಿರಸ್ಕೃತವಾಗಬಹುದು.

ಭದ್ರತೆಯ ಬಗ್ಗೆ ಹೇಳುವುದಾದರೆ, ಯಂತ್ರ ನೆಟ್‌ವರ್ಕ್‌ಗೆ ಸೇರಿದ ಕೂಡಲೇ ಬ್ರೌಸರ್‌ನಲ್ಲಿ ಅದರ ವಿಳಾಸ ಬರೆದು ಒಳಹೊಕ್ಕು, ಕಾರ್ಖಾನೆಯ ಅಡ್ಮಿನ್ ಪಾಸ್‌ವರ್ಡನ್ನು ಬದಲಾಯಿಸಿ, ಫರ್ಮ್‌ವೇರನ್ನು (ಯಂತ್ರದೊಳಗಿನ ತಂತ್ರಾಂಶ) ನವೀಕರಿಸಿ. ಟೆಲ್ನೆಟ್, ಎಫ್‌ಟಿಪಿ ಎಂಬ ಹಳೆಯ ಸಂಪರ್ಕ ವಿಧಾನಗಳು, ಬಳಸದ ವೈ-ಫೈ ಡೈರೆಕ್ಟ್ (ರೂಟರ್ ಇಲ್ಲದೆ ನೇರವಾಗಿ ಸೇರುವ ವೈ-ಫೈ) ಇವನ್ನು ನಿಲ್ಲಿಸಿ. ಮನೆಯಿಂದ ಮುದ್ರಿಸಬೇಕೆಂದು ಯಾರು ಎಷ್ಟೇ ಕೇಳಿದರೂ ರೂಟರ್‌ನಲ್ಲಿ ಪೋರ್ಟ್ ತೆರೆದು ಪ್ರಿಂಟರನ್ನು ಇಂಟರ್ನೆಟ್‌ಗೆ ಒಡ್ಡಬೇಡಿ. 9100 ಪೋರ್ಟ್‌ನಲ್ಲಿ ಪಾಸ್‌ವರ್ಡ್ ಕೇಳುವ ಪದ್ಧತಿಯೇ ಇಲ್ಲ. ವಿಳಾಸ ತಲುಪಿದ ಯಾರು ಬೇಕಾದರೂ ಮುದ್ರಿಸಬಹುದು.

ಲೆಕ್ಕದಮೇಜು:

ಸ್ಕ್ಯಾನ್ ವಿಚಾರ ನನ್ನ ಗಮನದಲ್ಲೇ ಇರಲಿಲ್ಲ, ಬಹಳ ಉಪಕಾರವಾಯಿತು. ಕೊನೆಯದಾಗಿ ಒಂದು ಸಂದೇಹ: ಹೊಸದು ಬಂದ ದಿನವೇ ಹಳೆಯ ಪ್ರಿಂಟರನ್ನು ಎಲ್ಲ ಕಂಪ್ಯೂಟರ್‌ಗಳಿಂದ ತೆಗೆದುಹಾಕಬೇಕೇ?

ಸ್ಪ್ಯಾನರ್:

ಅಂದೇ ಬೇಡ. ಮೊದಲು ನಿಮ್ಮ ಕಂಪ್ಯೂಟರ್ ಒಂದರಲ್ಲೇ ಹೊಸದನ್ನು ಸೇರಿಸಿ, ಪರೀಕ್ಷಾ ಪುಟದ ಬದಲು ನೀವು ದಿನವೂ ಮುದ್ರಿಸುವ ನಿಜವಾದ ಕಡತಗಳನ್ನೇ ಮುದ್ರಿಸಿ ನೋಡಿ: ಲೆಕ್ಕದ ತಂತ್ರಾಂಶದಿಂದ ಒಂದು ಬಿಲ್, ಹಲವು ಪುಟಗಳ ಪಿಡಿಎಫ್ ಒಂದು, ಕನ್ನಡದಲ್ಲಿರುವ ಪತ್ರ ಒಂದು. ಡ್ರೈವರ್‌ನಲ್ಲೂ ಯಂತ್ರದ ಟ್ರೇಯಲ್ಲೂ ಕಾಗದದ ಅಳತೆ ಎ4 ಎಂದೇ ಇರಲಿ. ಒಂದರಲ್ಲಿ ಲೆಟರ್ ಎಂದಿದ್ದರೆ ಟ್ರೇ ತುಂಬ ಕಾಗದವಿದ್ದರೂ ಯಂತ್ರ ಕಾಗದ ಹಾಕಿ ಎಂದು ನಿಂತುಬಿಡುತ್ತದೆ. ಆಮೇಲೆ ಮ್ಯಾಕ್ ಒಂದರಲ್ಲೂ ಉಬುಂಟುವಿನಲ್ಲೂ ಪ್ರಯತ್ನಿಸಿ, ಆ ನಂತರ ಉಳಿದವರ ಕಡೆಗೆ ಹೋಗಿ.

ಪ್ರತಿ ಕಂಪ್ಯೂಟರ್‌ನಲ್ಲೂ ಹೊಸದಕ್ಕೆ ಒಂದೇ ಹೆಸರು ಕೊಟ್ಟು ಅದನ್ನೇ ಡೀಫಾಲ್ಟ್ ಮಾಡಿ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ತಾನೇ ನಿರ್ವಹಿಸಲಿ ಎಂಬ ಸೆಟ್ಟಿಂಗ್ ಚಾಲೂ ಇದ್ದರೆ ಅದು ಕೊನೆಯ ಸಲ ಬಳಸಿದ ಪ್ರಿಂಟರ್‌ಗೆ ಜಾರುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಿ. ಒಂದು ತಿಂಗಳ ಕೊನೆಯ ಬಿಲ್ಲಿನ ಒತ್ತಡವನ್ನು ಹೊಸ ಯಂತ್ರ ತೊಂದರೆಯಿಲ್ಲದೆ ದಾಟಿದ ಮೇಲೆ ಹಳೆಯದನ್ನು ಪಟ್ಟಿಗಳಿಂದ ತೆಗೆದು, ಶೇರಿಂಗ್ ಅನ್ನೂ ನಿಲ್ಲಿಸಿದರೆ ಸಾಕು.